ಭೂಮಿಯ ಗಾಳಿಯಲ್ಲಿ ನಾನು ಕದ್ದ ಪಾಲು

ಕುಕ್ಕರಿನ ಮುಚ್ಚಳದ ಮೇಲೆ ಕೂರುವ ಸಣ್ಣ ತೂಕಕ್ಕೆ ನಮ್ಮ ಕಡೆ ಸೀಟಿ ಎನ್ನುತ್ತಾರೆ. ಶಹಾಪುರದ ನಮ್ಮ ಓಣಿಯಲ್ಲಿ ಕುಕ್ಕರಿಗಿಂತ ಸೀಟಿಗೆ ಮರ್ಯಾದೆ ಹೆಚ್ಚು. ಕುಕ್ಕರು ಎಲ್ಲಿಗೂ ಹೋಗುವುದಿಲ್ಲ, ಸೀಟಿ ಓಡಾಡುತ್ತದೆ. ತೊಳೆಯುವಾಗ ಜಾರಿ ಬಚ್ಚಲಿಗೆ ಬೀಳುತ್ತದೆ. ಮಕ್ಕಳು ಅದನ್ನು ಬುಗುರಿ ಮಾಡಿ ತಿರುಗಿಸುತ್ತಾರೆ. ಹೊತ್ತು ಏರುವಾಗ ಯಾರಾದರೊಬ್ಬರು ಬಾಗಿಲಲ್ಲಿ ನಿಂತು, "ಯವ್ವಾ, ಸೀಟಿ ಕೊಡು, ಬ್ಯಾಳಿ ಇಟ್ಟೀನಿ" ಎಂದು ಕೇಳುವುದು ನಮಗೆ ಹೊಸದಲ್ಲ. ಕೊಟ್ಟ ಸೀಟಿ ಸಂಜೆಗೆ ವಾಪಸ್ ಬಂದರೆ ಸಾಕು. ಬಂದದ್ದು ಅದೇ ಸೀಟಿಯೋ ಬೇರೆಯೋ ಎಂದು ಯಾರೂ ತಿರುಗಿಸಿ ನೋಡುವುದಿಲ್ಲ.

ಈ ಪದ್ಧತಿಯಿಂದಲೇ ನಾನು ಬಹಳ ದಿನ ನನ್ನ ಪರವಾಗಿ ಸಾಕ್ಷಿ ಹೇಳಿಸಿಕೊಂಡೆ. ಆದರೆ ನಾನು ಮಾಡಿದ್ದು ಕೇಳಿ ಇಸಿದುಕೊಂಡದ್ದಲ್ಲ, ಕದ್ದದ್ದು. ಅದರಲ್ಲೂ ಬುದ್ಧ ಪೂರ್ಣಿಮೆಯ ದಿನ.

ಅದಕ್ಕೂ ಮೊದಲು ನನ್ನ ಸೀಟಿ ಬಚ್ಚಲಿನ ಪಾಲಾಗಿತ್ತು. ಸುರಪುರದ ಸಂತೆಯಲ್ಲಿ ಪಾತ್ರೆ ರಿಪೇರಿಯವನೊಬ್ಬ ತಾಡಪತ್ರಿ ಹಾಸಿ ಹ್ಯಾಂಡಲು, ರಬ್ಬರು, ಸೀಟಿಗಳ ರಾಶಿ ಹಾಕಿಕೊಂಡು ಕೂತಿದ್ದ. "ಇದು ಯಾವ ಕುಕ್ಕರಿಗಾದ್ರೂ ಕೂಡ್ತದ್ರಿ ಅಕ್ಕಾ. ಬೇಕಂದ್ರ ವಿಮಾನಕ್ಕೂ ಕೂಡ್ತದ" ಎಂದ. ನಾನು ವಿಮಾನ ಇಟ್ಟುಕೊಂಡವಳಲ್ಲವಾದ್ದರಿಂದ ನಂಬಿ ತಂದೆ. ನೋಡಲು ಥೇಟ್ ಹಳೆಯದರ ಹಾಗೆಯೇ ಇತ್ತು, ಕರಿ ಟೋಪಿ ಸಹಿತ. ಅಂಗೈಯಲ್ಲಿ ಇಟ್ಟುಕೊಂಡಾಗ ಮಾತ್ರ ಹಗುರ ಅನ್ನಿಸಿತ್ತು. ಒಲೆಯ ಮೇಲೆ ಅದರ ಗುಣ ಗೊತ್ತಾಯಿತು. ಹಬೆ ಸರಿಯಾಗಿ ಏರುವ ಮೊದಲೇ ಕೂಗಲು ಶುರು. ಒಂದಾದ ಮೇಲೊಂದು ಸೀಟಿ ಹೊಡೆದೇ ಹೊಡೆಯಿತು, ಮದುವೆ ಮೆರವಣಿಗೆಯ ಬ್ಯಾಂಡಿನವರ ಹಾಗೆ. ಮುಚ್ಚಳ ತೆಗೆದರೆ ತೊಗರಿ ಬೇಳೆ ಹಲ್ಲಿಗೆ ಸಿಕ್ಕು ಕಟ್ ಎನ್ನುತ್ತಿತ್ತು.

ನಮ್ಮ ಓಣಿಯಲ್ಲಿ ಪೂರ್ಣಿಮೆಯ ದಿನ ಎಲ್ಲರೂ ಸೇರಿ ಅಡುಗೆ ಮಾಡುತ್ತಾರೆ. ಆವತ್ತು ಬೆಳಿಗ್ಗೆ ಬಿಳಿ ಸೀರೆ ಉಟ್ಟು, ಕೈಮುಗಿದು ಕೂತು, ಪಂಚಶೀಲ ಹೇಳುವಾಗ, ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ಎಲ್ಲರ ಜೊತೆ ನಾನೂ ಗಟ್ಟಿಯಾಗಿ ಹೇಳಿದ್ದೆ. ನನ್ನ ದನಿಯೇ ಎಲ್ಲರಿಗಿಂತ ಮುಂದಿತ್ತು. ಮಧ್ಯಾಹ್ನ ಪಾತ್ರೆ ತೊಳೆಯುವಾಗ ಪಕ್ಕದ ಮನೆಯ ದೊಡ್ಡವ್ವನ ಸೀಟಿ ನನ್ನ ಸೀಟಿಯ ಪಕ್ಕದಲ್ಲೇ ಮಲಗಿತ್ತು. ದೊಡ್ಡವ್ವ ನಮಗೆ ಸಂಬಂಧಿಯಲ್ಲ, ವಯಸ್ಸಿಗೆ ಮರ್ಯಾದೆ ಕೊಟ್ಟು ಹಾಗೆ ಕರೆಯುತ್ತೇವೆ. ನಾನು ಆಕೆಯದನ್ನು ನನ್ನ ಬುಟ್ಟಿಗೆ ಹಾಕಿಕೊಂಡೆ, ನನ್ನದನ್ನು ಆಕೆಯ ಬುಟ್ಟಿಗೆ ಹಾಕಿದೆ. ನಗು ಬಂತು.

ಅಂದಿನಿಂದ ನಮ್ಮ ಮನೆಯ ಬೇಳೆ ಬೆಣ್ಣೆಯಾಯಿತು. ಪಕ್ಕದ ಮನೆಯಲ್ಲಿ ಜಗಳ ಶುರುವಾಯಿತು.

"ಈ ಕಾಲುವಿ ನೀರಿನ ತೊಗರಿ ಬೇಯಂಗೇ ಇಲ್ಲವಾ" ಎಂದು ದೊಡ್ಡವ್ವ ಕಟ್ಟೆಯ ಮೇಲೆ ಕೂತು ನನ್ನ ಮುಂದೆ ಹೇಳಿಕೊಳ್ಳುತ್ತಿದ್ದಳು.

"ಹೌದು ದೊಡ್ಡವ್ವಾ, ಈ ಸಲದ ಬ್ಯಾಳೀನ ಹಂಗ ಅದ" ಎಂದು ನಾನು ತಲೆಯಾಡಿಸುತ್ತಿದ್ದೆ.

"ನಿಮ್ಮನ್ಯಾಗ ಬೇಯ್ತದಲ್ಲ?"

"ನಾ ನೆನಿ ಇಡ್ತೀನಿ."

ಹಾಗಾದರೆ ದೊಡ್ಡವ್ವನ ಸೊಸೆ ನೆನೆ ಇಡುವುದಿಲ್ಲ ಎಂದಾಯಿತು. ಸೊಸೆ ನೆನೆ ಇಟ್ಟಳು. ಆಗಲೂ ಬೇಯಲಿಲ್ಲ. ಹಾಗಾದರೆ ಸೊಸೆಯ ಕೈಗುಣ. ಗೋಡೆಯ ಈಚೆ ನಾನು ಈ ತನಿಖೆಯನ್ನೆಲ್ಲ ಕೇಳಿಸಿಕೊಳ್ಳುತ್ತ, ಬೆಂದ ಬೇಳೆಯನ್ನು ಕಡೆಗೋಲಿನಿಂದ ಕಡೆಯುತ್ತಿದ್ದೆ.

ಇನ್ನು ನನ್ನ ತಂಗಿಯ ವಿಷಯ. ಆಕೆ ನನಗಿಂತ ಬಹಳ ಚಿಕ್ಕವಳು. ಅವ್ವ ದೋರನಹಳ್ಳಿಯಲ್ಲಿ ಹತ್ತಿ ಬಿಡಿಸಲು ಹೋದಾಗ ಆಕೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ತಿರುಗಿದವಳು ನಾನು, ಹಾಗಾಗಿ ನನ್ನ ಶಾಲೆ ಐದನೆಯ ತರಗತಿಗೆ ನಿಂತಿತು. ಅದರ ಬಗ್ಗೆ ನನಗೆ ದೊಡ್ಡ ದುಃಖವೇನೂ ಇಲ್ಲ, ನನಗೆ ಶಾಲೆಯೂ ಅಷ್ಟಕ್ಕಷ್ಟೇ ಇತ್ತು. ಆಕೆ ಓದಿದಳು, ಬಿ.ಎಡ್. ಮುಗಿಸಿದಳು, ಒಂದಷ್ಟು ಕಾಲ ಅತಿಥಿ ಶಿಕ್ಷಕಿಯಾಗಿ ಹಳ್ಳಿಯ ಶಾಲೆಗಳಲ್ಲಿ ವಿಜ್ಞಾನ ಕಲಿಸಿದಳು. ನನ್ನ ಮನೆಯಲ್ಲೇ ಇದ್ದಳು. ನಾನು ಈಗ ಇಷ್ಟು ಬರೆಯುವುದೂ ಆಕೆ ಓದಿ ಮುಗಿಸಿದ ಪುಸ್ತಕಗಳನ್ನು ಓದಿ ಬಂದದ್ದು.

ಯಾದಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಕಾಯಂ ಕೆಲಸ ಒಂದು ಖಾಲಿಯಿತ್ತು. ಅರ್ಜಿ ಹಾಕಿದವರಲ್ಲಿ ಇಬ್ಬರನ್ನು ಉಳಿಸಿಕೊಂಡು, ಮಕ್ಕಳ ಮುಂದೆ ಒಂದೊಂದು ಪಾಠ ಮಾಡಿ ತೋರಿಸಿ, ಯಾರದು ಚೆನ್ನಾಗಿರುತ್ತದೋ ಅವರಿಗೆ ಕೆಲಸ ಎಂದಿದ್ದರು. ಆ ಇಬ್ಬರಲ್ಲಿ ತಂಗಿಯೂ ಒಬ್ಬಳು. ಪಾಠ ಅವರವರ ಇಷ್ಟದ್ದು. ತಂಗಿ ಆರಿಸಿಕೊಂಡದ್ದು ಭೂಮಿಯ ಮೇಲಿರುವ ಅಷ್ಟೂ ಗಾಳಿಯನ್ನು ತೂಗುವುದು.

"ಯಾವ ತಕ್ಕಡ್ಯಾಗ ತೂಗ್ತಿ?" ಎಂದು ನಾನು ಕೇಳಿದೆ. ಆಗ ನಾನು ರೊಟ್ಟಿ ಬಡಿಯುತ್ತಿದ್ದೆ.

"ತಕ್ಕಡಿ ಬ್ಯಾಡ. ಗಾಳಿ ನೆಲಕ್ಕ ಎಷ್ಟು ಒತ್ತತದ ಅಂತ ಗೊತ್ತಾದ್ರ ಸಾಕು. ಈ ನಿನ್ನ ರೊಟ್ಟಿ ಮ್ಯಾಲ ಎಷ್ಟು ಗಾಳಿ ಕೂತದ ಗೊತ್ತೇನು? ಇಲ್ಲಿಂದ ಮ್ಯಾಲ ಗಾಳಿ ಮುಗಿಯೋ ತನಕ ಲೆಕ್ಕ ಹಾಕಿದ್ರ, ಸುಮಾರು ಐದು ಕ್ವಿಂಟಾಲ್."

ನಾನು ಕೈ ಎತ್ತಿ ಹಿಂದೆ ಸರಿದು ಕೂತೆ. "ಹಂಗಿದ್ರ ನಾ ಯಾಕ ಬಡೀಲಿ? ಗಾಳೀನ ಬಡೀಲಿ ಬಿಡು."

"ಯಕ್ಕಾ, ಅದು ಕೆಳಗಿಂದನೂ ಒತ್ತತದ, ಬಾಜೂನಿಂದನೂ ಒತ್ತತದ. ಅದಕ್ಕ ರೊಟ್ಟಿಗೂ ಗೊತ್ತಾಗಂಗಿಲ್ಲ, ನಿನಗೂ ಗೊತ್ತಾಗಂಗಿಲ್ಲ."

"ಕ್ವಿಂಟಾಲ್ ಗಟ್ಲೆ ಕೂತದ, ಆದ್ರ ಗೊತ್ತಾಗಂಗಿಲ್ಲ. ನನ್ನ ಗಂಡ ಮನ್ಯಾಗ ಕೂತಂಗ ಆತು."

ಆಕೆ ನಗುತ್ತ ಕುಕ್ಕರಿನ ಸೀಟಿಯನ್ನು ಕೈಗೆ ತೆಗೆದುಕೊಂಡಳು. ಅದು ಎಲ್ಲಿಂದ ಬಂತೆಂದು ಕೇಳುತ್ತಾಳೆ ಅಂದುಕೊಂಡೆ. ಆದರೆ ಆಕೆಗೆ ಅದರ ಹುಟ್ಟು ಬೇಕಿರಲಿಲ್ಲ, ತೂಕ ಬೇಕಿತ್ತು. ಮುಚ್ಚಳದಲ್ಲಿ ಹಬೆ ಹೊರಬರುವ ಸಣ್ಣ ತೂತಿದೆಯಲ್ಲ, ಆ ತೂತಿನ ಮೇಲೆ ಈ ಸೀಟಿ ಕೂತು ಅದುಮುತ್ತದೆ. ಒಳಗಿನ ಹಬೆ ಅದಕ್ಕಿಂತ ಜೋರಾಗಿ ಒತ್ತಿದಾಗ ಸೀಟಿ ಏಳುತ್ತದೆ. ತಂಗಿ ಮೆಕ್ಯಾನಿಕ್ ಅಂಗಡಿಯಿಂದ ಡ್ರಿಲ್ ಮಾಡುವ ಕಡ್ಡಿಗಳನ್ನು ತಂದು ಯಾವುದು ಆ ತೂತಿಗೆ ಸರಿಯಾಗಿ ಹೋಗುತ್ತದೆ ಎಂದು ಒಂದೊಂದಾಗಿ ಹಾಕಿ ನೋಡಿದಳು. ಅಕ್ಕಸಾಲಿಗರ ಅಂಗಡಿಯಿಂದ ಬಂಗಾರ ತೂಗುವ ಪುಟ್ಟ ಕಾಟಾ ಇಸಿದು ತಂದು ಸೀಟಿಯನ್ನು ಅದರ ಮೇಲೆ ಇಟ್ಟಳು. ಎಪ್ಪತ್ತು ಗ್ರಾಂ ತೋರಿಸಿತು. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಏನೋ ಬರೆದು, ಅಳಿಸಿ, ಮತ್ತೆ ಬರೆದು, ಓಡಿ ಬಂದು ನನ್ನ ಹಿಟ್ಟಿನ ಕೈಯನ್ನೇ ಹಿಡಿದುಕೊಂಡಳು.

"ಯಕ್ಕಾ! ಈ ತೂತಿನ ನೆತ್ತಿ ಮ್ಯಾಲ ಆಕಾಶದ ತನಕ ಎಷ್ಟು ಗಾಳಿ ನಿಂತದೋ, ಅಷ್ಟೇ ತೂಕ ಅದ ಈ ಸೀಟಿ. ತೂತಿನ ಅಳತಿಗೆ ಆಕಾಶ ಕತ್ತರಿಸಿ ಗುಂಡಗ ಉಂಡಿ ಕಟ್ಟಿದ್ರ ಇದೇ ಸೀಟಿ!"

ನಾನು ಸೀಟಿಯನ್ನೂ ನೋಡಿದೆ, ಆಕೆಯ ಮುಖವನ್ನೂ ನೋಡಿದೆ. ನಾನು ಕದ್ದದ್ದು ಇಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ.

ಉಳಿದದ್ದನ್ನು ಆಕೆ ಉಣ್ಣುತ್ತ ಹೇಳಿದಳು. ಭೂಮಿಯ ಮೈಯೆಲ್ಲ ಇಂಥ ತೂತುಗಳು ಅಂಟಂಟಿ ಕೂತಿವೆ ಎಂದುಕೋ. ಎಷ್ಟು ತೂತು ಹಿಡಿಸುತ್ತವೋ ಅಷ್ಟು ಸೀಟಿಗಳ ತೂಕವೇ ಭೂಮಿಯ ಗಾಳಿಯ ತೂಕ. ಕೆಜಿಯಲ್ಲಿ ಹೇಳಿದರೆ ಐದು, ಅದರ ಮುಂದೆ ಹದಿನೆಂಟು ಸೊನ್ನೆ. ಬೇರೆ ಗ್ರಹಗಳ ಗಾಳಿಯನ್ನೂ ಹೀಗೆಯೇ ತೂಗಬಹುದು. ಆದರೆ ಅಲ್ಲಿ ಒಂದು ಎಚ್ಚರ ಬೇಕು ಎಂದಳು. ಗಾಳಿ ನೆಲವನ್ನು ಒತ್ತುವುದು ಗ್ರಹ ಅದನ್ನು ಎಳೆಯುವುದರಿಂದ. ಮಂಗಳನ ಎಳೆತ ನಮ್ಮ ಭೂಮಿಯದರಲ್ಲಿ ಅರ್ಧವೂ ಇಲ್ಲ. ಹಾಗಾಗಿ ಅಲ್ಲಿ ಗಾಳಿ ಸ್ವಲ್ಪವೇ ಒತ್ತುತ್ತದೆ ಎಂದು ನೋಡಿ ಗಾಳಿಯೂ ಅಷ್ಟೇ ಇದೆ ಎಂದರೆ ಮೋಸ ಹೋಗುತ್ತೇವೆ. ಒತ್ತುವುದನ್ನು ಎಳೆತದಿಂದ ಭಾಗಿಸಬೇಕು, ಆಗ ನಿಜವಾಗಿ ಇರುವ ಗಾಳಿ ಎಷ್ಟೆಂದು ಸಿಗುತ್ತದೆ.

"ಹಂಗ ಭಾಗಿಸಿದ್ರ ಮಂಗಳದಾಗ ಈ ತೂತಿನ ಮ್ಯಾಲ ಎಷ್ಟು ಗಾಳಿ ಸಿಗ್ತದ?"

"ಒಂದು ಚಿಟಿಕಿ ಬ್ಯಾಳಿಯಷ್ಟು."

"ಶುಕ್ರದಾಗ?"

"ಇಂಥವು ನೂರು ಸೀಟಿ, ಒಂದರ ಮ್ಯಾಲೊಂದು."

"ಅಲ್ಲಿ ಬ್ಯಾಳಿ ಚೆಂದ ಬೇಯ್ತಿರಬೇಕು" ಎಂದೆ.

"ಮತ್ತ ನಮ್ಮ ಕುಕ್ಕರ್ ಮಂಗಳಕ್ಕ ಒಯ್ದ್ರ ಏನಾಗ್ತದ ಗೊತ್ತೇನು? ಸೀಟಿ ಇದೇ ಇರ್ತದ, ಆದ್ರ ಎಳೆತ ಕಮ್ಮಿ ಇರೋದಕ್ಕ ಅದುಮೋದು ಕಮ್ಮಿ. ಲಗೂ ಕೂಗ್ತದ. ಕೂಗಿದ್ದ ಕೂಗಿದ್ದು, ಬ್ಯಾಳಿ ಮಾತ್ರ ಕಲ್ಲು."

ಪಕ್ಕದ ಮನೆಯಿಂದ ಅದೇ ಹೊತ್ತಿಗೆ ದೊಡ್ಡವ್ವ ಸೊಸೆಯನ್ನು ಬೈಯುವುದು ಕೇಳಿಸಿತು. ನಾನು ಆ ಮನೆಯನ್ನು ಮಂಗಳ ಗ್ರಹಕ್ಕೆ ಕಳಿಸಿದ್ದೇನೆ ಎಂದು ಹೊಳೆದು, ತುತ್ತು ಗಂಟಲಲ್ಲಿ ನಿಂತು ಕೆಮ್ಮು ಬಂತು. ತಂಗಿ ನೀರು ಕೊಟ್ಟು ಬೆನ್ನು ಸವರಿದಳು.

ಪಾಠದ ದಿನ ಬಂತು. ಯಾದಗಿರಿಗೆ ಬೆಳಗಿನ ಬಸ್ಸು. ಕುಕ್ಕರು ಹೊತ್ತುಕೊಂಡು ಹೋಗಲು ಆಕೆಗೆ ಜೊತೆ ಬೇಕಿತ್ತು, ನಾನು ಬರುತ್ತೇನೆ ಎಂದಿದ್ದೆ. ದಾರಿಯ ಊಟಕ್ಕೆ ಬೇಳೆ ಬೇಯಿಸಿ, ಕುಕ್ಕರು ತೊಳೆದು ಚೀಲಕ್ಕೆ ಹಾಕೋಣ ಎಂದು ಇಟ್ಟಿದ್ದೆ. ತಂಗಿ ಸ್ನಾನಕ್ಕೆ ಹೋಗಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಸೊಸೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ಮೊಸರಿನ ಬಟ್ಟಲಿತ್ತು, ಆದರೆ ಮೊಸರು ಕೇಳಲಿಲ್ಲ.

"ಅಕ್ಕಾರ, ಈಗ ಕೂಗಿದ್ದು ನಿಮ್ಮ ಕುಕ್ಕರೇನ್ರಿ?"

"ಹೂಂ. ಯಾಕವಾ?"

"ಆ ದನಿ ನಮ್ಮನಿ ಸೀಟೀದ್ರಿ. ನಾ ಬಂದ ಹೊಸದರಾಗ ದಿನಾ ಕೇಳೀನಿ."

ನಾನು ನಕ್ಕೆ. "ಸೀಟಿಗೂ ದನಿ ಇರ್ತದೇನ?"

ಆಕೆ ಸೀದಾ ಒಳಗೆ ಬಂದು ಸೀಟಿಯನ್ನು ಎತ್ತಿ ತಿರುಗಿಸಿದಳು. ಅಡಿಯಲ್ಲಿ ಗುರುತಿಗೆಂದು ಮೊಳೆಯಿಂದ ಗೀಚಿದ ಒಂದು ಸಣ್ಣ ಗೀಟು ಇತ್ತು. ನಾನು ಅಷ್ಟು ದಿನ ತೊಳೆದರೂ ನೋಡಿರಲಿಲ್ಲ. ಆಕೆ ಬಯ್ಯಲಿಲ್ಲ, ಕೂಗಾಡಲೂ ಇಲ್ಲ. ಸೆರಗಿನ ಗಂಟಿನಿಂದ ನನ್ನ ಸುರಪುರದ ಸೀಟಿಯನ್ನು ಬಿಚ್ಚಿ ಕಟ್ಟೆಯ ಮೇಲೆ ಇಟ್ಟಳು.

"ನಿಮ್ಮದು ನಿಮಗ್ರಿ. ನಾ ಅತ್ತಿಗೆ ಹೇಳಂಗಿಲ್ಲ. ಇವತ್ತ ಬ್ಯಾಳಿ ಬೆಂದ್ರ ಸಾಕು ನನಗ."

ಹೇಳಿ, ತಮ್ಮ ಸೀಟಿ ಹಿಡಿದುಕೊಂಡು ಹೊರಟೇಹೋದಳು. ನಾನು ಹಿಂದೆ ಓಡಿ, "ಇವತ್ತೊಂದು ದಿನ ಕೊಡವಾ, ತಂಗಿ ಪಾಠಕ್ಕ ಬೇಕು" ಎಂದಿದ್ದರೆ ಆಕೆ ಕೊಡುತ್ತಿದ್ದಳು. ಈಗಲೂ ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಕೇಳಬೇಕಾದರೆ ಆಕೆಯ ಮುಖ ನೋಡಬೇಕಿತ್ತು. ತಂಗಿಗೆ ಹೇಳಬೇಕಾದರೆ ಇನ್ನೂ ಕಷ್ಟ. ಚಿಕ್ಕವಳಿದ್ದಾಗ ಯಾರದೋ ಹೊಲದ ಒಂದು ಸೌತೆಕಾಯಿ ಹರಿದು ತಂದಳೆಂದು ಆಕೆಯ ಕಿವಿ ಹಿಂಡಿ ವಾಪಸ್ ಕೊಡಿಸಿದವಳು ನಾನು. ಬಚ್ಚಲಿನ ಬಾಗಿಲು ತೆರೆಯಿತು. "ಯಕ್ಕಾ, ಎಲ್ಲಾ ಹಾಕೀದಿ?" ಎಂದಳು.

"ಹಾಕೀನಿ" ಎಂದೆ. ಸುರಪುರದ ಸೀಟಿಯನ್ನು ಚೀಲಕ್ಕೆ ಹಾಕಿದೆ. ಸೀಟಿ ಅಂದರೆ ಸೀಟಿ, ಇದೂ ಕೂಗುತ್ತದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇದು ಅದಲ್ಲ ಎಂದು ಅಂಗೈಗೆ ಗೊತ್ತಿತ್ತು.

ಬಸ್ಸು ಊರು ದಾಟುವಾಗ ಕಿಟಕಿಯಿಂದ, ಮಲಗಿದ ಬುದ್ಧನ ಆಕಾರದ ಗುಡ್ಡ ಕಾಣಿಸಿತು. "ನೋಡು, ಅಷ್ಟು ಗಾಳಿ ಹೊತ್ಕೊಂಡೂ ಹೆಂಗ ಆರಾಮ ಮಲಗ್ಯಾನ" ಎಂದು ತಂಗಿ ಹೇಳಿದಳು. ಪೂರ್ಣಿಮೆಯ ಮಧ್ಯಾಹ್ನ ನೆನಪಾಗಿ ನಾನು ಆ ಕಡೆ ನೋಡಲಿಲ್ಲ.

ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು, ಮುಂದಿನ ಕುರ್ಚಿಗಳಲ್ಲಿ ಆಡಳಿತ ಮಂಡಳಿಯವರು, ಅವರ ನಡುವೆ ಕನ್ನಡಕ ಹಾಕಿದ ಒಬ್ಬರು ನಿವೃತ್ತ ಲೆಕ್ಚರರ್. ಕುಕ್ಕರು ಹೊತ್ತು ತಂದವಳೆಂದು ನನಗೂ ಕೊನೆಯ ಬೆಂಚಿನಲ್ಲಿ ಜಾಗ ಸಿಕ್ಕಿತು. ಎಷ್ಟೋ ವರ್ಷಗಳ ಮೇಲೆ ಬೆಂಚಿನ ಮೇಲೆ ಕೂತಿದ್ದೆ.

ತಂಗಿ ಚೆನ್ನಾಗಿ ಶುರುಮಾಡಿದಳು. ನೀರು ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ ಬೋರಲು ಹಿಡಿದಳು. ನೀರು ಬೀಳಲಿಲ್ಲ, ಮಕ್ಕಳು ಹೋ ಎಂದರು. ರೊಟ್ಟಿಯ ಮೇಲಿನ ಐದು ಕ್ವಿಂಟಾಲ್ ಹೇಳಿದಳು. ನಾನು ಹೇಳಿದ ಮಾತನ್ನೂ ನನ್ನ ಕಡೆ ಕಣ್ಣು ಹೊಡೆದು ಸೇರಿಸಿದಳು. ಲೆಕ್ಚರರ್ ಕೂಡ ನಕ್ಕರು. ಆಮೇಲೆ ಮಕ್ಕಳೇ ಸ್ವತಃ ತೂಗಿ ಲೆಕ್ಕ ಮಾಡಲಿ ಎಂದು ಒಬ್ಬ ಹುಡುಗಿಯನ್ನು ಕರೆದು ಸೀಟಿ ಕೊಟ್ಟಳು. ಹುಡುಗಿ ಕಾಟಾದ ಮೇಲೆ ಇಟ್ಟು ಗಟ್ಟಿಯಾಗಿ ಓದಿದಳು.

"ನಲವತ್ತೊಂದು, ಟೀಚರ್."

"ಇನ್ನೊಮ್ಮೆ ಇಡು."

"ನಲವತ್ತೊಂದು."

ತಂಗಿ ಬಗ್ಗಿ ತಾನೇ ನೋಡಿದಳು. ಅಲ್ಲಿಂದ ಕೊನೆಯ ಬೆಂಚಿನವರೆಗೂ ಆಕೆಯ ಕಿವಿ ಕೆಂಪಾದದ್ದು ನನಗೆ ಕಂಡಿತು. ಎಪ್ಪತ್ತು ಆಕೆಗೆ ಬಾಯಿಪಾಠವಿತ್ತು. ಎಪ್ಪತ್ತು ಎಂದು ಬರೆದುಬಿಟ್ಟಿದ್ದರೆ ತಡೆಯುವವರು ಯಾರು? ಆ ಹುಡುಗಿಯೇ? ಆಕೆ ಬೋರ್ಡಿನ ಮೇಲೆ ನಲವತ್ತೊಂದು ಎಂದೇ ಬರೆದಳು. ಮಕ್ಕಳು ಗುಣಿಸಿ ಭಾಗಿಸಿ ಕೊನೆಗೆ ಮೂರು ತಂದರು. ಮೂರರ ಮುಂದೆ ಹದಿನೆಂಟು ಸೊನ್ನೆ.

ಲೆಕ್ಚರರ್ ಕನ್ನಡಕ ತೆಗೆದು ಒರೆಸಿದರು. "ಮೇಡಂ, ಪುಸ್ತಕದಾಗ ಐದು ಅದಲ್ರಿ. ಉಳಿದ ಎರಡು ಪಾಲು ಗಾಳಿ ಯಾರ್ ಒಯ್ದ್ರು?"

ಮಕ್ಕಳು ನಕ್ಕರು. ಒಯ್ದವಳು ಕೊನೆಯ ಬೆಂಚಿನಲ್ಲಿ ಕೂತಿದ್ದಳು.

ನಾನು ಎದ್ದೆ. ನಿಜವಾಗಿ ಎದ್ದು ನಿಂತೆ. ಸೀಟಿ ಬದಲಾಗಿದೆ, ಆಕೆಯ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಹೇಳಲು ಮೂರು ಉಸಿರು ಸಾಕಿತ್ತು. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು.

"ಏನ್ ಬೇಕ್ರಿ ತಾಯಿ?" ಎಂದರು ಲೆಕ್ಚರರ್.

"ಕುಡಿಯಾಕ ನೀರ್ರಿ" ಎಂದೆ.

ನೀರು ತಂದು ಕೊಟ್ಟರು. ಎಲ್ಲರೂ ನೋಡುತ್ತಿದ್ದುದರಿಂದ ಪೂರ್ತಿ ಲೋಟ ಕುಡಿಯಬೇಕಾಯಿತು. ನಾನು ಕುಡಿದು ಮುಗಿಸುವವರೆಗೂ ಪಾಠ ನಿಂತಿತ್ತು. ಆಮೇಲೆ ತಂಗಿ ಹೇಳಿದಳು, "ನನಗ ಗೊತ್ತಾಗವಲ್ದು ಸರ್. ಎಲ್ಲ್ಯೋ ತಪ್ಪಾಗ್ಯಾದ. ಹುಡುಕಬೇಕು."

"ಹುಡುಕಿದ ಮ್ಯಾಲ ಪಾಠ ಮಾಡಬೇಕಲ್ರಿ" ಎಂದರು ಅವರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಆದರೆ ಕೆಲಸ ಇನ್ನೊಬ್ಬರಿಗೆ ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಅದನ್ನು ಹೇಗೋ ನುಂಗಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ನುಂಗುವುದರಲ್ಲಿ ನಾನು ಗಟ್ಟಿ. ತಂಗಿ ಮನೆಗೆ ಬಂದ ಮೇಲೆ ಹುಡುಕಲು ಶುರುಮಾಡಿದಳು. ತೂತಿಗೆ ಮತ್ತೆ ಕಡ್ಡಿ ಹಾಕಿದಳು, ಅಳತೆ ಸರಿ ಇತ್ತು. ಕಾಟಾವನ್ನು ಅಕ್ಕಸಾಲಿಗರ ಹತ್ತಿರ ಒಯ್ದು ಅವರ ತೂಕದ ಕಲ್ಲುಗಳಿಂದ ಪರೀಕ್ಷೆ ಮಾಡಿಸಿದಳು, ಕಾಟಾ ಸರಿ ಇತ್ತು. ಸೀಟಿ ಇಟ್ಟಳು, ನಲವತ್ತೊಂದು. ಬೆಳಿಗ್ಗೆ ಇಟ್ಟರೂ ನಲವತ್ತೊಂದು, ಸಂಜೆ ಇಟ್ಟರೂ ನಲವತ್ತೊಂದು. ಅನುಮಾನಪಡದೆ ಉಳಿದದ್ದು ಎರಡೇ, ಸೀಟಿ ಮತ್ತು ನಾನು. ನಮ್ಮಿಬ್ಬರ ಮೇಲೂ ಆಕೆಗೆ ನಂಬಿಕೆ ಇತ್ತು. ಹಾಗಾಗಿ ತನ್ನ ಮೇಲೆಯೇ ಅನುಮಾನಪಟ್ಟಳು.

"ಅವತ್ತು ಎಪ್ಪತ್ತು ಇರಲೇ ಇಲ್ಲ ಅನಸ್ತದ ಯಕ್ಕಾ" ಎಂದು ಒಂದು ದಿನ ಉಣ್ಣುತ್ತ ಹೇಳಿದಳು. "ನನಗ ಎಪ್ಪತ್ತು ಬೇಕಾಗಿತ್ತು, ಅದಕ್ಕ ಕಣ್ಣಿಗೆ ಎಪ್ಪತ್ತು ಕಂಡದ. ತೂಗೋಕಿಂತ ಮೊದಲ ಉತ್ತರ ಇಟ್ಕೊಂಡು ಕೂತಿದ್ದೆ. ಇಂಥಾಕಿ ಮಕ್ಕಳಿಗೆ ಏನ್ ಕಲಿಸ್ತೀನಿ?"

"ಬಿಡು, ಸಣ್ಣ ಸೀಟಿಗೆ ಅಷ್ಟ್ಯಾಕ" ಎಂದು ನಾನು ಆಕೆಯ ತಟ್ಟೆಗೆ ಬೇಳೆ ಬಡಿಸಿದೆ. ಬೇಳೆ ಬೆಂದಿರಲಿಲ್ಲ. ಅದನ್ನೂ ಆಕೆ ಗಮನಿಸಲಿಲ್ಲ.

ಆಮೇಲೆ ಕಡೇಚೂರಿನ ಕಡೆಯಿಂದ ಕರೆ ಬಂತು. ಅಲ್ಲಿ ಫ್ಯಾಕ್ಟರಿಗಳಿಗೆ ಬಂದ ಕೂಲಿಯವರ ಮಕ್ಕಳೇ ಹೆಚ್ಚಿರುವ ಒಂದು ಶಾಲೆ, ವಿಜ್ಞಾನಕ್ಕೆ ಯಾರೂ ಇಲ್ಲ, ಬಂದು ಮಾತಾಡಿ ಎಂದರು. ತಂಗಿ ಫೋನಿನಲ್ಲಿ ನೋಡುತ್ತೇನೆ ಎಂದಳು. ಇಟ್ಟ ಮೇಲೆ ಹೋಗುವುದಿಲ್ಲ ಎಂದಳು. ಜೆರಾಕ್ಸ್ ಅಂಗಡಿಯಲ್ಲಿ ಒಬ್ಬರು ಬೇಕಂತೆ, ಅಲ್ಲಿ ಇರುತ್ತೇನೆ, ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಡುವ ಕೆಲಸ, ನನಗೆ ಅದೇ ಸರಿ ಎಂದಳು. ಅದನ್ನು ತಮಾಷೆಯಾಗಿ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆಕೆ ತಮಾಷೆ ಮಾಡಿರಲಿಲ್ಲ.

ಆಗ ಹೇಳಿದೆ. ಅಡುಗೆಮನೆಯಲ್ಲಿ ನಿಂತು, ಗೋಡೆಯ ಕಡೆ ಮುಖ ಮಾಡಿ ಎಲ್ಲ ಹೇಳಿದೆ. ಬಚ್ಚಲು, ಸುರಪುರ, ಪೂರ್ಣಿಮೆ, ಗೀಟು, ಬಸ್ಸಿನ ಬೆಳಿಗ್ಗೆ, ಒಂದು ಲೋಟ ನೀರು. ತಿರುಗಿ ನೋಡಿದರೆ ತಂಗಿ ಇರಲಿಲ್ಲ. ಪಕ್ಕದ ಮನೆಯಲ್ಲಿ ಆಕೆಯ ದನಿ ಕೇಳಿಸಿತು, "ದೊಡ್ಡವ್ವಾ, ನಿಮ್ಮ ಸೀಟಿ ಒಂಚೂರು ಕೊಡ್ರಿ." ಸೀಟಿಯನ್ನು ತಂದವಳೇ ಚಪ್ಪಲಿಯನ್ನೂ ಮರೆತು ಅಕ್ಕಸಾಲಿಗರ ಅಂಗಡಿಗೆ ಹೋದಳು. ವಾಪಸ್ ಬಂದಾಗ ಮುಖ ಬೆಳಗುತ್ತಿತ್ತು.

"ಎಪ್ಪತ್ತು! ಯಕ್ಕಾ, ಎಪ್ಪತ್ತೇ ಅದ! ನಾ ಸರಿ ನೋಡಿದ್ದೆ!"

ನನ್ನನ್ನು ಹಿಡಿದು ಕುಣಿಸಿದಳು. ನಾನೂ ಕುಣಿದೆ, ಬದುಕಿದೆ ಅಂದುಕೊಂಡೆ. ಕುಣಿಯುತ್ತ ಕುಣಿಯುತ್ತ ಆಕೆಯ ಕೈ ಸಡಿಲಾಯಿತು. ನಿಂತಳು. ಮೊದಲು ಸಂತೋಷ ಬಂದು, ಕೋಪ ನಂತರದ ಬಸ್ಸಿಗೆ ಬಂದಿತ್ತು.

"ನಡಿ" ಎಂದಳು.

"ಎಲ್ಲಿಗೆ?"

"ಪಕ್ಕದ ಮನಿಗೆ. ಸೀಟಿ ವಾಪಸ್ ಕೊಡೋದದ. ನೀನ ಕೊಡು, ಯಾಕ ಅಂತ ನೀನ ಹೇಳು."

ದೊಡ್ಡವ್ವ ಕಟ್ಟೆಯ ಮೇಲೆ ಕೂತಿದ್ದಳು, ಸೊಸೆ ಒಳಗೆ ಹಿಟ್ಟು ನಾದುತ್ತಿದ್ದಳು. ನಾನು ಹೇಳಿದೆ. ದೊಡ್ಡವ್ವ ಬಾಯಿ ತೆರೆದು ಪೂರ್ತಿ ಕೇಳಿದಳು. ನನ್ನನ್ನು ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿ ಕಾದೆ. ಆಕೆ ಒಳಗೆ ತಿರುಗಿ ಸೊಸೆಗೆ ಕೂಗಿದಳು, "ಏ, ನಿನಗ ಗೊತ್ತಿತ್ತೇನ ಇದು?"

"ಗೊತ್ತಿತ್ರಿ ಅತ್ತಿ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀವು ಅಕ್ಕಾರಿಗೆ ಬಯ್ತಿದ್ರಿ. ನನಗ ಬೈದು ರೂಢಿ ಅದ, ನಡೀತದ ಅಂತ ಬಿಟ್ಟೆ."

ಸೊಸೆ ಹಿಟ್ಟು ನಾದುವುದನ್ನು ಮುಂದುವರಿಸಿದಳು. ಆ ದಿನ ಆ ಕಟ್ಟೆಯ ಮೇಲೆ ಮುಖ ಎಲ್ಲಿಡಬೇಕು ಎಂದು ಗೊತ್ತಾಗದೆ ಇದ್ದವರು ದೊಡ್ಡವ್ವ ಮತ್ತು ನಾನು.

ಯಾದಗಿರಿಯ ಶಾಲೆಗೂ ನಾನು ಹೋದೆ. ತಂಗಿ ಬೇಡ ಎಂದಿದ್ದಳು. ಹೆಡ್‌ಮಾಸ್ತರರು ಕೂರಿಸಿ, ಚಹಾ ತರಿಸಿ, ಸುರಪುರದ ಸೀಟಿಯ ಕತೆಯನ್ನು ಮೊದಲಿಂದ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮುಖ ಒರೆಸಿಕೊಂಡು, "ಆದ್ರ ತಾಯಿ, ಬಂದವರು ಚಲೋ ಕಲಿಸಾಕತ್ಯಾರ. ಅವರಿಗೆ ಏನಂತ ಹೇಳಿ ಕಳಿಸೂಣು?" ಎಂದರು. ಚಹಾ ಕುಡಿದು ಬಂದೆ.

ತಂಗಿ ಕಡೇಚೂರಿನ ಶಾಲೆಗೆ ಸೇರಿಕೊಂಡಳು. ಅಲ್ಲಿ ಸಂಬಳ ಕಡಿಮೆ, ಬಸ್ಸು ದೂರ, ಮಕ್ಕಳು ಅರ್ಧ ತೆಲುಗಿನಲ್ಲಿ, ಅರ್ಧ ಹಿಂದಿಯಲ್ಲಿ ಪ್ರಶ್ನೆ ಕೇಳುತ್ತಾರಂತೆ. ಆಕೆಗೆ ಆ ಮಕ್ಕಳು ಹಿಡಿಸಿದ್ದಾರೆ. ಸ್ವಲ್ಪ ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಮತ್ತೆ ಮಾತು ಶುರುವಾದ ದಿನ ಹೇಳಿದ್ದು ಇದು:

"ಯಾದಗಿರಿ ಹೋದ್ರ ಹೋಗ್ಲಿ ಬಿಡು ಯಕ್ಕಾ. ನೀ ಹೆದರಿದಿ, ಅದು ತಿಳೀತದ ನನಗ. ಆದ್ರ ಮನಿಗೆ ಬಂದ ಮ್ಯಾಲ? ನನಗ ತಲಿ ಕೆಟ್ಟದ ಅಂತ ನಾನ ಅನ್ಕೊಂಡು ಕೂತಾಗ, ನೀ ಎದುರಿಗೆ ಕೂತು ಬ್ಯಾಳಿ ಬಡಸ್ತಿದ್ದಿ."

ನಾನು ಏನಾದರೂ ತಮಾಷೆ ಮಾಡಿ ದಾರಿ ಬದಲಿಸಲು ನೋಡಿದೆ. ಯಾವಾಗಲೂ ಒಂದಲ್ಲ ಒಂದು ಮಾತು ನಾಲಿಗೆಯ ತುದಿಯಲ್ಲಿ ಇರುತ್ತದೆ ನನಗೆ. ಆವತ್ತು ಬರಲಿಲ್ಲ.

ಈಗ ನಾವು ಮೊದಲಿನಂತೆಯೇ ಇದ್ದೇವೆ. ನಗುತ್ತೇವೆ, ಜಗಳಾಡುತ್ತೇವೆ, ರಜೆಯ ದಿನ ಆಕೆ ಮಧ್ಯಾಹ್ನದವರೆಗೆ ಮಲಗಿ ನನ್ನಿಂದ ಬೈಸಿಕೊಳ್ಳುತ್ತಾಳೆ. ಒಂದು ಮಾತ್ರ ಬದಲಾಗಿದೆ, ಅದು ಆಕೆಗೂ ಗೊತ್ತಿದೆಯೋ ಇಲ್ಲವೋ ನಾನು ಕೇಳಿಲ್ಲ. ಬೆಳಿಗ್ಗೆ ಹೊರಡುವಾಗ ನಾನು, "ಹೊರಗ ಮಳಿ ಹನಿ ಅದ, ಛತ್ರಿ ತಗೊಂಡು ಹೋಗು" ಎನ್ನುತ್ತೇನೆ. ಆಕೆ ಹೂಂ ಎನ್ನುತ್ತಾಳೆ. ಬಾಗಿಲಿಗೆ ಹೋಗಿ, ಕೈ ಹೊರಗೆ ಚಾಚಿ, ಅಂಗೈ ಒದ್ದೆಯಾದ ಮೇಲೆ ಬಂದು ಛತ್ರಿ ತೆಗೆದುಕೊಳ್ಳುತ್ತಾಳೆ.